ಒತ್ತಕ್ಷರ

ಮೊದಲ ದಿನ ಅವನು ಮುದ್ದೆಗೆ ಕಡ್ಡಿ ಚುಚ್ಚಿದ,
ಎರಡು ಕಡ್ಡಿ. ಎತ್ತಿದರೆ ಇಡೀ ಮುದ್ದೆಯೇ ಎದ್ದು ಬಂತು.
ಜುಂಜಣ್ಣನಿಗೆ ನಕ್ಕು ನಕ್ಕು ಸಾರು ನೆತ್ತಿಗೆ ಹತ್ತಿತು.
"ಕೈ ಹಾಕಪ್ಪಾ ದೊಕ್ಸು, ಕೈ!"
ಹಾಕಿದ. ಆಗಷ್ಟೇ ಕೋಲು ತೆಗೆದ ಮುದ್ದೆ.
"ಆಪಾ!" ಅಂತ ಕಿರುಚಿದ.
ಪಾಪ, ಕಡಲಾಚೆಯಿಂದ ಬಂದವನು,
ಕೈ ಸುಟ್ಟರೆ ಅಪ್ಪನನ್ನು ಕರೆಯುತ್ತಾನಲ್ಲ ಅಂದುಕೊಂಡೆ.
ನಾವಾದರೆ ಅಮ್ಮಾ ಅನ್ನುವವರು.

ಪೆನುಕೊಂಡೆಯ ಈ ಮನೆಯ ಮೇಲಿನ ಕೋಣೆ ಅವನ ಬಾಡಿಗೆಗೆ.
ಕಾರು ಫ್ಯಾಕ್ಟರಿಯಲ್ಲಿ ಅಚ್ಚು ಕೂರಿಸುವ ಕೆಲಸ.
ಬೀದಿಯಲ್ಲಿ ತೆಲುಗು, ಒಲೆಯ ಮುಂದೆ ಕನ್ನಡ,
ಮೆಟ್ಟಿಲ ಮೇಲೆ ಈಗ ಇನ್ನೊಂದು.
ರೊಳ್ಳದ ಶಾಲೆಯಲ್ಲಿ ನಾನು ಕಲಿತ ಅಕ್ಷರ
ಇಲ್ಲಿ ಹಾಲಿನ ಲೆಕ್ಕಕ್ಕೆ ಮಾತ್ರ ಇತ್ತು.
ಆ ಕ್ಯಾಲೆಂಡರಿನ ಬೆನ್ನಿಗೆ ಬರೆದುಕೊಂಡೆ:
ಬಾಪ್, ಅನ್ನ.
ಮುಲ್, ನೀರು.
ಆಪಾ, ನೋವು.
ಅಪ್ಪಾ, ಅಪ್ಪ.
"ಇದು ನಮ್ಮದು" ಅಂದೆ ಕೊನೆಯದಕ್ಕೆ ಬೆರಳಿಟ್ಟು.
"ನಮ್ಮದು" ಅಂದ ಅವನೂ, ಬಿಟ್ಟುಕೊಡದೆ.

ಏಪ್ರಿಲಿನ ಸೆಕೆಗೆ ಅವನ ಕಿಮ್ಚಿ ಭರಣಿ ಉಸಿರಾಡತೊಡಗಿ
ಒಂದು ನಡುರಾತ್ರಿ ಮುಚ್ಚಳ ಹಾರಿತು.
ಪಕ್ಕದ ಓಬುಳಮ್ಮ ಕಳ್ಳ ಬಂದನೆಂದು ಕೂಗಿದಳು,
ಬೆಳಿಗ್ಗೆ ವಾಸನೆಗೆ ಇನ್ನೊಮ್ಮೆ ಕೂಗಿದಳು.
ನಾನೊಂದು ಎಲೆ ತಿಂದೆ. ಹುಳಿ, ಖಾರ, ಹಿಂದೆಲ್ಲೋ ಮೀನು.
"ಉಪ್ಪು ಸಾಲದು" ಅಂದೆ, ಎಲ್ಲ ಬಲ್ಲವಳ ಹಾಗೆ.
ಸಂಜೆ ಓಬುಳಮ್ಮ ಬಟ್ಟಲು ಹಿಡಿದು ಬಂದಳು,
ಮೊಮ್ಮಗ ಕೇಳುತ್ತಾನೆ ಅನ್ನುತ್ತ.

ಹುಚ್ಚೆಳ್ಳು ಹುರಿದ ದಿನ
ಒಂದು ಕಾಲಿಗೆ ಶೂ, ಒಂದು ಕಾಲು ಬರಿದು,
ಮೆಟ್ಟಿಲಲ್ಲೇ ನಿಂತುಬಿಟ್ಟ.
"ದುಲ್‌ಕೆ" ಅಂದ. ಅವನಪ್ಪ ಬೆಳೆಯುವ ಕಾಳಂತೆ.
ಅದೇ ಇದಲ್ಲ. ದಾಯಾದಿ ಇರಬೇಕು.

ಒಮ್ಮೆ ಮಾತ್ರ ಮುನಿದ, ಅಥವಾ ನನಗೆ ಹಾಗನ್ನಿಸಿತು.
ಅನ್ನ ಬಡಿಸಿ, ಅವನಿಗೆ ಸುಲಭವಾಗಲಿ ಎಂದು
ಚಮಚ ನೆಟ್ಟೆ, ನೆಟ್ಟಗೆ.
ಎರಡೇ ಬೆರಳಲ್ಲಿ ಕಿತ್ತು ತಟ್ಟೆಯ ಪಕ್ಕ ಮಲಗಿಸಿದ,
ನಿದ್ದೆ ಹೋದ ಕೂಸನ್ನು ಮಲಗಿಸುವ ಹಾಗೆ.
ಏನೂ ಹೇಳಲಿಲ್ಲ. ಉಂಡ.

ಶ್ರಾವಣದ ಒಂದು ಮಂಗಳವಾರ ಮೇಲಿಂದ ಅದೇ ಕೂಗು.
ಬೆಣ್ಣೆ ಹಿಡಿದು ಓಡಿದೆ.
ಒಲೆ ಹಚ್ಚಿರಲಿಲ್ಲ. ಕೈಯಲ್ಲಿ ಫೋನು.
"ಎಲ್ಲಿ ಸುಟ್ಟಿತು, ತೋರಿಸು" ಅಂದೆ,
ಮತ್ತೆ ಅಂದೆ, ಅವನ ಅಂಗೈ ಬಿಡಿಸಿ ಹುಡುಕಿದೆ.
ಒತ್ತು ಕೇಳಿಸಿರಲಿಲ್ಲ ನನ್ನ ಕಿವಿಗೆ.
ಬೆಣ್ಣೆ ಕರಗಿ ಮೊಣಕೈಗೆ ಇಳಿಯುವ ಹೊತ್ತಿಗೆ
ಜುಂಜಣ್ಣ ಆಟೋ ತಿರುಗಿಸಿ ನಿಲ್ಲಿಸಿದ್ದ.

ವರ್ಷ ತುಂಬುವ ಮುನ್ನಾದಿನ ಅವನೇ ಇಳಿದು ಬಂದ,
ಬಾಳೆಲೆ ಸಿಗುತ್ತದಾ ಎಂದು ಕೇಳಿಕೊಂಡು.
ಮೆಣಸಿನಕಾಯಿ ಕೂಡದು, ಬೆಳ್ಳುಳ್ಳಿ ಕೂಡದು.
ಖಾರವಿಲ್ಲದೆ ಸತ್ತವರು ಹೇಗೆ ಉಂಡಾರು?
ನಮ್ಮ ಮಾವನ ಎಡೆಗೆ ಬಾಡಿನ ಸಾರು ಇಡುತ್ತೇವೆ,
ಪಕ್ಕಕ್ಕೆ ಒಂದು ಕಟ್ಟು ಬೀಡಿ.
ಅವನು ಮೀನು ಸುಟ್ಟ, ಸೇಬಿನ ತಲೆ ಸವರಿದ,
ರಾತ್ರಿ ಬಾಗಿಲು ತೆರೆದಿಟ್ಟ, ಅಡ್ಡಬಿದ್ದ ಎರಡು ಸಲ.
ಆಮೇಲೆ ಅನ್ನದ ಬಟ್ಟಲಿನ ಮುಚ್ಚಳ ತೆಗೆದು
ನಡುಮಧ್ಯಕ್ಕೆ ಚಮಚ ನೆಟ್ಟ.

ಅಂದು ನಾನು ಯಾರಿಗೆ ಬಡಿಸಿದ್ದೆ ಎಂದು
ಆಗ ತಿಳಿಯಿತು. ಕೂತಲ್ಲೇ ಸೆರಗು ಬಾಯಿಗೆ ಒತ್ತಿಕೊಂಡೆ.

ನನ್ನದೊಂದು ತಪ್ಪು ಅಂದೂ ಉಳಿದೇ ಇತ್ತು:
ಎಲೆಯ ಮೂಲೆಗೆ ಇಟ್ಟ ಹುಚ್ಚೆಳ್ಳು ಚಟ್ನಿಯಲ್ಲಿ
ಎಂಟು ಬ್ಯಾಡಗಿ, ಒಂದು ಗಡ್ಡೆ ಬೆಳ್ಳುಳ್ಳಿ.
ಅವನು ಮೂಸಿದ. ನೋಡಿದ.
ತೆಗೆಯಲಿಲ್ಲ.

ಬೆಳಿಗ್ಗೆ ಹಲ್ಲುಜ್ಜುತ್ತ ಜುಂಜಣ್ಣ ಕೆಳಗಿಂದ ಕೇಳಿದ:
"ಉಂಡರಾ ನಿಮ್ಮಪ್ಪ?"
ದೊಕ್ಸು ಕಟ್ಟೆಗೆ ಒರಗಿ, ಊದಿದ ಕಣ್ಣಲ್ಲಿ,
"ಉಂಡರು" ಅಂದ.
"ರಾತ್ರಿಯೆಲ್ಲ ಮುಲ್ ಕೇಳಿದರು."