ಏಳು ಡಬ್ಬಿ

ಮಾರಿಕುಪ್ಪಂ ಪ್ಯಾಸೆಂಜರಿನಲ್ಲಿ ಬಂದಿಳಿದವು
ಸ್ವೀಡನ್ನಿನ ತೋರಾ ವಿಕ್‌ಸ್ಟ್ರಾಂಡಳ ಏಳು ಸಿನಿಮಾ,
ತಗಡಿನ ಡಬ್ಬಿ, ಹಿಂದುಮುಂದಾದ ನಂಬರು.
ಹಾಗಾಗಿ ಊರಿಗಾಂ ಕ್ಲಬ್ಬಿನಲ್ಲಿ
ಅವಳು ಮೊದಲು ಮುದುಕಿಯಾದಳು.

ಮಾತಿಲ್ಲದ ಕೊನೆಯ ಚಿತ್ರ.
ಬೂಟಿನ ದಾರ ಕಟ್ಟುವುದಕ್ಕೇ ಒಂಬತ್ತು ನಿಮಿಷ.
"ರೀಲು ಸಿಕ್ಕೊಂಡಿದೆ ಸಾಮೀ!" ಹಿಂದಿನಿಂದ ಶಿಳ್ಳೆ.
ಆರೋಗ್ಯಸಾಮಿ ಕಾರ್ಬನ್ ಕಡ್ಡಿ ಸರಿಪಡಿಸುತ್ತಾ
ಉತ್ತರ ಕೊಡಲಿಲ್ಲ.

ಮುಂದಿನ ವಾರ ಅವಳಿಗೆ ಐವತ್ತು:
ಗಂಡ ಬಿಟ್ಟಿದ್ದ, ಸರ್ಕಾರ ದುಡ್ಡು ನಿಲ್ಲಿಸಿತ್ತು
(ಕೈಗೆ ಮಸಿ ಹತ್ತುವ ಸೈಕ್ಲೋಸ್ಟೈಲ್ ಹಾಳೆಯಲ್ಲಿ ಓದಿದ್ದು).
ಆಮೇಲೆ ಮೂವತ್ತೈದು. ಹೆಸರು, ಬಹುಮಾನ, ಬಣ್ಣ.
ಅದು ನಮಗ್ಯಾರಿಗೂ ಹಿಡಿಸಲಿಲ್ಲ.

ಕಡೆಗೆ ಬಂತು ಮೊದಲನೆಯದು.
ಇಪ್ಪತ್ತಮೂರರ ಹುಡುಗಿ, ಎರವಲು ಕ್ಯಾಮರಾ,
ಹಿಮದ ದಿಬ್ಬ ಹತ್ತಿ ಗಣಿಗೆ ಹೊರಟ ಗಂಡಸರು,
ಒಬ್ಬೊಬ್ಬನ ಕೈಯಲ್ಲೂ ಬುತ್ತಿ.
ಚಾಂಪಿಯನ್ ರೀಫ್ ನೈಟ್ ಶಿಫ್ಟಿನ ಮುನಿರತ್ನಂ
ಎದ್ದೇ ನಿಂತ:
"ಏಯ್, ನಮ್ಮ ಸೈನೈಡ್ ಗುಡ್ಡ ಕಣ್ರೋ ಅದು!"

ಯಾರೂ ತಿದ್ದಲಿಲ್ಲ.
ಆಚೆ ಗಾಳಿ ಎದ್ದಿತ್ತು. ಮುರಿದ ಕಿಟಕಿಯಿಂದ
ಗುಡ್ಡದ ಬಿಳಿಪುಡಿ ಒಳನುಗ್ಗಿ
ಪ್ರೊಜೆಕ್ಟರಿನ ಬೆಳಕಲ್ಲಿ
ನಿಧಾನಕ್ಕೆ ಇಳಿಯುತ್ತಿತ್ತು
ನಮ್ಮ ತಲೆಗಳ ಮೇಲೆ.

ಸೋಮವಾರ ಡಬ್ಬಿ ವಾಪಸು.
ಆರೋಗ್ಯಸಾಮಿ ಹಳೇ ಪಂಚೆಯಲ್ಲಿ ಒರೆಸಿದ,
ಪೂರ್ತಿ ಒರೆಸಲಿಲ್ಲ.