ತಪಾಸಣಾ ವರದಿ, ಕುತೈಸಿ

ಕಿವುಡು ಮಕ್ಕಳ ಶಾಲೆ. ಜನವರಿ.
ಸೌದೆ ಒಲೆ ಒಂದು, ಮಕ್ಕಳು ಹನ್ನೊಂದು, ಕೋಟು ಒಂಬತ್ತು.
ಹಿಂದಿನ ಬೆಂಚಿನಲ್ಲಿ ನಾನು, ತಿಬಿಲಿಸಿಯಿಂದ ಬಂದವನು,
ಮಂಡಿಯ ಮೇಲೆ ಇಲಾಖೆಯ ಹಾಳೆ,
ಅದರಲ್ಲೊಂದು ಕಾಲಂ: ಉಚ್ಚಾರಣೆ.

ಇಂದಿನ ಪಾಠ ಮನುಷ್ಯ ದೇಹ.
ಪಟ ಬೂಸಲು ಹಿಡಿದು ಹೋಯಿತು.
ಅಸ್ಥಿಪಂಜರ ಇತ್ತು, ಮರದ್ದು;
ಹೋದ ಚಳಿಗಾಲ ಒಲೆಗೆ ಹಾಕಿದೆವು
ಎಂದು ಎತೆರಿ ಟೀಚರ್ ಚೀಟಿ ಬರೆದು ತೋರಿಸಿದರು, ನಗದೆ.
ಅವರೂ ಕಿವುಡರೇ.
ಚೀಟಿ ಮಡಿಸಿ, ಕೋಟಿನ ಗುಂಡಿ ಬಿಚ್ಚಿ
ತಾವೇ ಪಟವಾಗಿ ನಿಂತರು.

ಪಕ್ಕೆಗಳ ಮೇಲೆ ಎರಡು ಅಂಗೈ
ಅರಳಿದವು, ಮುದುಡಿದವು: ಶ್ವಾಸಕೋಶ.
ಹನ್ನೊಂದು ಮೂಗುಗಳಿಂದ ಬಿಳಿ ಹಬೆ
ಹೌದು ಹೌದು ಅಂದಿತು.
ಜಠರವೆಂದರೆ ಅಜ್ಜ ಹಿತ್ತಲಲ್ಲಿ ಹೂತಿಟ್ಟ
ದ್ರಾಕ್ಷಿಯ ಹರವಿ:
ಬಾಯಿ ಮುಚ್ಚಿಟ್ಟರೆ ಸಾಕು, ಬೆಂಕಿ ಬೇಡ,
ತನ್ನೊಳಗೇ ಕುದಿಯುತ್ತದೆ.
ಸೊಂಟದ ಹಿಂದೆ ಎರಡು ಮುಷ್ಟಿ: ಮೂತ್ರಪಿಂಡ;
ರಿಯೋನಿ ದಂಡೆಯ ಇಬ್ಬರು ಹೆಂಗಸರು
ಅದೇ ಕೆಂಪು ಬಟ್ಟೆಯನ್ನು ಹಗಲೂ ರಾತ್ರಿ ಒಗೆದು ಹಿಂಡುತ್ತಾರೆ,
ಕೂಲಿ ಕೇಳುವುದಿಲ್ಲ.

ಕರುಳಿಗೆ ಇಡೀ ತರಗತಿಯೇ ಬೇಕಾಯಿತು.
ಬೆಂಚುಗಳ ಸಂದಿಯಲ್ಲಿ ಒಬ್ಬರ ಹಿಂದೊಬ್ಬರು
ಸುತ್ತಿ ಸುತ್ತಿ ನಿಂತರು.
ರೊಟ್ಟಿಯ ತುಂಡೊಂದು ಕೈಯಿಂದ ಕೈಗೆ ಸಾಗಿತು,
ಪ್ರತಿಯೊಬ್ಬರೂ ಒಂದೊಂದು ಚೂರು ಮುರಿದು ಬಾಯಿಗಿಟ್ಟರು.
ಕೊನೆಯವನು ಗೋಚಾ.
ಅವನ ಕೈಗೆ ಬಂದದ್ದು ಏನೆಂದು ಎಲ್ಲರಿಗೂ ಗೊತ್ತು!
ಮೂಗು ಹಿಡಿದುಕೊಂಡು ನಕ್ಕರು.
ಕಿವುಡರ ನಗುವಿಗೆ ಸದ್ದಿದೆ,
ಕಿಟಕಿಯ ಗಾಜು ಅದುರುವಷ್ಟು.
ಅದಕ್ಕೆ ನನ್ನ ಹಾಳೆಯಲ್ಲಿ ಕಾಲಂ ಇರಲಿಲ್ಲ.

ಆಗ ಲಾಮಾರಾ ಪುಸ್ತಕದಲ್ಲಿ ಬೆರಳಿಟ್ಟು ಕೇಳಿದಳು: ಇದು?
ಗುಲ್ಮ. ಅದಕ್ಕೆ ಸನ್ನೆಯೇ ಇಲ್ಲ.
ಎಡ ಪಕ್ಕೆಯಡಿ ಅವಿತಿರುವುದು,
ಮುದಿಯಾದ ರಕ್ತಕಣಗಳನ್ನು ಹುಡುಕಿ
ಮಣ್ಣು ಮಾಡುವುದು ಅದರ ಕೆಲಸ,
ಎಂದು ಟೀಚರ್ ಬೋರ್ಡಿನ ಮೇಲೆ ಬರೆದರು.
ಹುಡುಗರು ಒಂದೊಂದು ಸನ್ನೆ ಕಟ್ಟಿದರು,
ಜೇಬು, ಜರಡಿ, ಬೆಕ್ಕಿನ ನಾಲಿಗೆ.
ಲಾಮಾರಾ ಕೈ ಮುಂದೆ ಚಾಚಿ, ಮುಷ್ಟಿ ಬಿಗಿದು,
ಮೆಲ್ಲಗೆ ಬೆರಳು ಸಡಿಲಿಸಿದಳು
ಹಿಡಿ ಮಣ್ಣು ಕೆಳಗೆ ಬಿಡುವ ಹಾಗೆ.
ಅದೇ ಉಳಿಯಿತು.
ಅದನ್ನೆಲ್ಲಿ ಕಲಿತಳೆಂದು
ಆ ವರ್ಷ ಯಾರೂ ಯಾರನ್ನೂ ಕೇಳುತ್ತಿರಲಿಲ್ಲ.

ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಕರೆಂಟು ಹೋಯಿತು.

ದೀಪ ಆರಿದರೆ ನಮಗೆ ಕತ್ತಲೆ ಮಾತ್ರ,
ಅವರಿಗೆ ಮಾತೂ ಆರಿತು.
ಹೆದರಬೇಡಿ ಎಂದು ಕೂಗಿದೆ, ಪೆದ್ದನಂತೆ,
ಹೆದರಿದ್ದವನು ನಾನೊಬ್ಬನೇ.
ಬೆಂಚು ಸರಿಯಿತು. ಯಾವುದೋ ಸಣ್ಣ ಕೈ
ನನ್ನ ಮಣಿಕಟ್ಟು ಹುಡುಕಿ, ಎಳೆದು,
ಒರಟು ಸ್ವೆಟರಿನ ಮೇಲೆ ಒತ್ತಿಟ್ಟಿತು.
ಅದರಡಿ ಹೃದಯ,
ಬೋನಿಗೆ ಬಿದ್ದ ಇಲಿಯ ಮರಿಯಂತೆ.
ಪಾಠ ನಿಂತಿರಲಿಲ್ಲ.

ಮತ್ತೊಂದು ಕೈ ನನ್ನ ಎದೆಗೆ ಬಂತು.
ನನ್ನದು ಆಗಾಗ ಒಂದು ಹೆಜ್ಜೆ ತಪ್ಪುತ್ತದೆ,
ಹೆಂಡತಿಗೂ ಹೇಳಿರಲಿಲ್ಲ.
ತಪ್ಪಿತು.
ಆ ಅಂಗೈ ಬೆಚ್ಚಿತು, ಕದಲದೆ ಕಾಯಿತು,
ಬಡಿತ ಮರಳಿ ಬಂದಾಗ
ಎರಡು ಬೆರಳಿಂದ ತಟ್ಟಿತು: ಸರಿ, ನಡೆ.

ಕರೆಂಟು ಬಂದಾಗ ಎಲ್ಲರೂ ತಮ್ಮ ತಮ್ಮ ಜಾಗದಲ್ಲಿ,
ಕೈಗಳೆಲ್ಲ ಮೇಜಿನ ಮೇಲೆ.
ಯಾವುದೆಂದು ಹೇಗೆ ಹುಡುಕಲಿ.

ರಾತ್ರಿಯ ರೈಲಿನಲ್ಲಿ ವರದಿ ತುಂಬಿದೆ.
ಹಾಜರಿ: ಪೂರ್ಣ. ಶಿಸ್ತು: ಇಲ್ಲ.
ಉಚ್ಚಾರಣೆ ಎಂಬಲ್ಲಿ ಪೆನ್ನು ಬಹಳ ಹೊತ್ತು ನಿಂತು
ಒಂದು ಚುಕ್ಕೆಯ ಮಸಿ ಬಿಟ್ಟಿತು, ಅಷ್ಟೇ.
ಅಂಚಿನಲ್ಲಿ ಬೇರೆ ಬರೆದೆ:
ಸೌದೆ, ಎರಡು ಗಾಡಿ, ಕೂಡಲೇ.
ಅಸ್ಥಿಪಂಜರ, ಒಂದು.
ಮರದ್ದು ಬೇಡ.