ಉಪ್ಪಿನ ಲೆಕ್ಕ

ಇದೂ ಒಂದು ಉಪ್ಪೇ, ಎಂದಿದ್ದರು ಡಾಕ್ಟರು
ಮೊದಲ ಸಲ ಬಿಳಿ ಗುಳಿಗೆ ಬರೆದುಕೊಟ್ಟಾಗ.
ನಕ್ಕುಬಿಟ್ಟೆ.
ಸಾಣಿಕಟ್ಟಾದ ಆಗರದಲ್ಲಿ ಅಪ್ಪ ಮೂವತ್ತು ವರ್ಷ
ಎಳೆದೆಳೆದು ಗುಡ್ಡೆ ಹಾಕಿದ್ದು ಸಾಲದೆ
ಮಗಳಿಗೆ ಚೀಟಿಯಲ್ಲೂ ಉಪ್ಪು!

ನಕ್ಕದ್ದನ್ನೂ ಫೈಲಿನಲ್ಲಿ ಬರೆದುಕೊಂಡರು.

ಆಮೇಲೆ ಅಣ್ಣನ ಕಡೆ ತಿರುಗಿ:
ನಿದ್ದೆ ಮಾಡ್ತಾಳಾ? ಊಟ? ಒಬ್ಬಳೇ ಮಾತಾಡ್ತಾಳಾ?
ನಾನು ಅಲ್ಲೇ ಇದ್ದೆ, ಗೋಡೆಗೆ ತಾಗಿ,
ಅಂಕೋಲೆಯಲ್ಲಿ ಕೊಂಡ ಹೊಸ ಚಪ್ಪಲಿ ಹಾಕಿಕೊಂಡು.

ಕಾರವಾರದ ದೊಡ್ಡಾಸ್ಪತ್ರೆ. ಬುಧವಾರ.
ಹದಿನಾಲ್ಕನೇ ಕೋಣೆಯ ಹೊರಗಿನ ಬೆಂಚುಗಳಲ್ಲಿ
ಯಾರೂ ಯಾರ ಮುಖ ನೋಡುವುದಿಲ್ಲ.
ಊರಿನವರು ಎದುರಾದರೆ
ಸಕ್ಕರೆ ಕಾಯಿಲೆ ಅನ್ನಬೇಕು.
ಗೋಡೆಯ ಮೇಲಿನ ಮಲೇರಿಯಾ ಸೊಳ್ಳೆಯ
ಕಾಲು ಎಣಿಸುತ್ತ ಎಂಟು ತಿಂಗಳು ಕಳೆದೆ.

ಡಾಕ್ಟರಿಗೆ ಹಳಿಯಾಳದಲ್ಲಿ ಕ್ಯಾಂಪ್ ಬಿದ್ದ ದಿನ,
ಮಧ್ಯಾಹ್ನವಾದರೂ ಬಾಗಿಲು ತೆರೆಯದ ದಿನ,
ಪಕ್ಕದ ಹೆಂಗಸು ಸೆರಗಿನೊಳಗಿಂದ ಕೈ ಹೊರಗೆ ತೆಗೆದಳು.
ಬೆರಳು ನಡುಗುತ್ತಿದ್ದವು.
ನನ್ನ ಕೈಯನ್ನು ಅದರ ಪಕ್ಕ ಇಟ್ಟೆ.
ಅಯ್ಯ, ನಿಂಗೂ?
ಬೈತಖೋಲದ ಶೇವಂತಿ ತಾಂಡೇಲ್, ಬಂಗಡೆ ಸೀಳುವ ಕೈ.
ಚೂರಿ ಜಾರಿದಾಗ ಮನೆಯವರು ಅಂದರಂತೆ: ಮೈಮೇಲೆ ಬಂತು.
ಅದು ಗುಳಿಗೆಯ ನಡುಕವೆಂದು
ಅವಳಿಗೆ ಯಾರೂ ಹೇಳಿರಲಿಲ್ಲ.
ನನಗೂ.

ಆಚೆ ಬೆಂಚಿನಿಂದ ಒಬ್ಬ ಕೆಮ್ಮಿದ.
ನಂಗೆ ನಡುಕ ಇಲ್ಲ, ಬರೀ ದಪ್ಪ ಆಗ್ತಿದ್ದೆ ಮಾರಾಯ್ತಿ.
ಬುಧವಂತ ಗೌಡ, ಕೈಗಾ ಬಸ್ಸಿನ ಕ್ಲೀನರು.
ಮತ್ತೆ ಪಾಸ್ಕೋಲ್ ಮಾಸ್ತರು: ಅವರಿಗೆ ಕೇಳುವ ದನಿ
ಕೊಂಕಣಿಯಲ್ಲೇ ಬೈಯುತ್ತದಂತೆ, ಒಂದು ವ್ಯಾಕರಣ ತಪ್ಪಿಲ್ಲದೆ.
ಎಲ್ಲರೂ ನಕ್ಕೆವು.
ಆ ನಗೆಯನ್ನು ಯಾರೂ ಬರೆದುಕೊಳ್ಳಲಿಲ್ಲ.

ಅಲ್ಲಿಂದ ಒಂದು ತಾಸು ಮೊದಲೇ ಬರತೊಡಗಿದೆವು.
ಯಾವ ಗುಳಿಗೆಗೆ ಬಾಯಿ ಒಣಗುತ್ತದೆ,
ಯಾವ ಅತ್ತೆಗೆ ಎಷ್ಟು ಹೇಳಬೇಕು,
ಹೊರಗಿನಿಂದ ಚಿಲಕ ಹಾಕಿದ ಕೋಣೆಯಲ್ಲಿ ಹೊತ್ತು ಹೇಗೆ ಹೋಗುತ್ತದೆ.
(ಹೋಗುವುದಿಲ್ಲ.)
ಮೂರು ತಿಂಗಳಿಗೊಮ್ಮೆ ರಕ್ತ ತೆಗೆದು
ಉಪ್ಪೆಷ್ಟು ಎಂದು ನೋಡುತ್ತಾರೆ, ಚೀಟಿಯಲ್ಲಿ ಅಂಕಿ ಬರುತ್ತದೆ.
ಅಪ್ಪ ಆಗರದ ನೀರು ಕಣ್ಣಲ್ಲೇ ನೋಡಿ
ಇನ್ನೂ ಎರಡು ಬಿಸಿಲು ಬೇಕು, ಅನ್ನುತ್ತಿದ್ದ.
ಈಗ ನನಗೂ ತಿಳಿಯುತ್ತದೆ ಕೆಲವು ಬೆಳಿಗ್ಗೆ,
ಅಂಕಿ ಬರುವ ಮುಂಚೆ.

ಕುರ್ಚಿಯಲ್ಲಿ ನೀನೇ ಕೂರು, ಅಣ್ಣ ನಿಲ್ಲಲಿ,
ಹೇಳಿಕೊಟ್ಟವಳು ಶೇವಂತಿ.
ಕೂತೆ. ಅಣ್ಣ ಗಾಬರಿಯಾಗಿ ಕಿಟಕಿಗೆ ಒರಗಿದ.
ನಿದ್ದೆ ಮಾಡ್ತಾಳಾ? ಅವನನ್ನೇ ಕೇಳಿದರು.
ಮಾಡ್ತೇನೆ, ಅಂದೆ.
ಪೆನ್ನು ನಿಂತಿತು.
ಡಾಕ್ಟರು ಕೆಟ್ಟವರಲ್ಲ.
ಕನ್ನಡಕ ತೆಗೆದು ಒರೆಸಿಕೊಂಡರು, ಮತ್ತೆ ಹಾಕಿಕೊಂಡರು.
ಎಷ್ಟು ಗಂಟೆಗೆ ಮಲಗ್ತೀರಿ?
ನನ್ನನ್ನು.

ಆಷಾಢದಲ್ಲಿ ಗುಳಿಗೆ ಬರಲಿಲ್ಲ.
ಸ್ಟಾಕ್ ಇಲ್ಲ, ಹೊರಗೆ ತಕ್ಕೊಳ್ಳಿ.
ಮಾಸ್ತರು ಅರ್ಜಿ ಬರೆದರು,
ದಯಮಾಡಿ ಎಂದು ಬರೆದು ಮೂರು ಸಲ ಹೊಡೆದುಹಾಕಿ.
ಹನ್ನೊಂದು ಸಹಿ, ಪೂರ್ತಿ ಹೆಸರು, ಊರು ಸಮೇತ.
ಅದರಲ್ಲಿ ಸಕ್ಕರೆ ಕಾಯಿಲೆಯವರು
ಒಬ್ಬರೂ ಇರಲಿಲ್ಲ.

ಗುಳಿಗೆ ಬಂತು, ಹದಿನೇಳು ದಿನ ತಡವಾಗಿ.
ಮಾಸ್ತರು ಬರಲಿಲ್ಲ.
ಧಾರವಾಡಕ್ಕೆ ಸೇರಿಸಿದರು ಎಂದು ಒಬ್ಬರು,
ಮಡಗಾಂವದ ತಂಗಿಯ ಮನೆಯಲ್ಲಿದ್ದಾರೆ ಎಂದು ಇನ್ನೊಬ್ಬರು.
ಟೋಕನ್ ತೆಗೆಯುವಾಗ ಅವರ ಹೆಸರಿಗೂ ಒಂದು ತೆಗೆಯುತ್ತೇವೆ.
ಕ್ಲಾರ್ಕ್ ಗೊಣಗುತ್ತಾನೆ. ಕೊಡುತ್ತಾನೆ.

ಉಪ್ಪು ತಿಂದವರು ನೀರು ಕುಡಿಯಲೇಬೇಕು.
ತಪ್ಪು ಮಾಡಿದವರಿಗೆ ಊರಲ್ಲಿ ಹೇಳುವ ಮಾತು.
ನಾನು ತಿಂದದ್ದು ಬೆಳಿಗ್ಗೆ ಒಂದು, ರಾತ್ರಿ ಎರಡು,
ಅದಕ್ಕೇ ಕುಡಿಯುತ್ತೇನೆ, ಬಾಯಾರಿ.
ಬಾಟಲಿಯನ್ನು ಶೇವಂತಿಗೆ ದಾಟಿಸುತ್ತೇನೆ
ನಡುಗುವ ಕೈಯಿಂದ ನಡುಗುವ ಕೈಗೆ.
ಒಂದಿಷ್ಟು ಚೆಲ್ಲುತ್ತದೆ.
ಚೆಲ್ಲಲಿ.